ಜೇಡ ಕಚ್ಚಿದರೆ ಬ್ಲೇಡು ಬೇಡ

ಅಡಕೆ ಹಾಳೆ ಎತ್ತುವಾಗ, ಕಾಫಿ ಗಿಡದ ಬುಡದ ದರಗು ಸರಿಸುವಾಗ ಕೈಗೆ ಏನೋ ಚುಚ್ಚುತ್ತದೆ. "ಜೇಡ ಇರಬೇಕು" ಎಂದು ಸುಣ್ಣ ಹಚ್ಚಿ ಮತ್ತೆ ಕೆಲಸಕ್ಕಿಳಿಯುವುದು ನಮ್ಮ ವಾಡಿಕೆ. ಕೆಲವರು ಬ್ಲೇಡಿನಿಂದ ಗೀರಿ ರಕ್ತ ಹರಿಸುತ್ತಾರೆ, ಹಗ್ಗ ಬಿಗಿಯುತ್ತಾರೆ. ಇವೆಲ್ಲವೂ ತಪ್ಪೆಂದು ನಾವು ಒಪ್ಪಿಕೊಳ್ಳಬೇಕಾಗಿದೆ.

ತೋಟದ ಜೇಡಗಳಲ್ಲಿ ಬಹುಪಾಲು ನಿರಪಾಯಕಾರಿ. ಕೀಟಗಳನ್ನು ತಿಂದು ಬೆಳೆಗೆ ಉಪಕಾರವನ್ನೇ ಮಾಡುತ್ತವೆ. ಪಶ್ಚಿಮ ಘಟ್ಟದ ಮರದ ಪೊಟರೆಗಳಲ್ಲಿರುವ, ಮೈತುಂಬ ರೋಮದ ದೊಡ್ಡ ಜೇಡ ಕಚ್ಚಿದರೆ ಉರಿ, ಬಾವು, ಮಾಂಸಖಂಡಗಳ ಸೆಳೆತ ಬರಬಹುದು. ಜೇಡದ ವಿಷಕ್ಕೆಂದೇ ತಯಾರಾದ ಪ್ರತಿವಿಷ ನಮ್ಮ ದೇಶದಲ್ಲಿ ಮಾರಾಟಕ್ಕಿಲ್ಲ. ಆದ್ದರಿಂದ ಆರೈಕೆಯೇ ಮುಖ್ಯ.

ಕಚ್ಚಿದ್ದು ಜೇಡವೇ ಎಂದು ಕಣ್ಣಾರೆ ಕಂಡಿದ್ದರೆ ಸೋಪು ನೀರಿನಿಂದ ತೊಳೆಯಿರಿ. ಉಂಗುರ, ಬಳೆ ತೆಗೆಯಿರಿ. ತಣ್ಣೀರಿನ ಬಟ್ಟೆಯನ್ನು ಹತ್ತು ಹತ್ತು ನಿಮಿಷ ಇಡಿ. ಸೆಳೆತ, ಹೊಟ್ಟೆನೋವು, ವಾಂತಿ, ವಿಪರೀತ ಬೆವರು, ಉಸಿರಾಟದ ತೊಂದರೆ ಕಂಡರೆ, ಗಾಯ ಕಪ್ಪಾಗಿ ಹರಡಿದರೆ ವೈದ್ಯರಲ್ಲಿಗೆ ಹೋಗಿ. ಧನುರ್ವಾಯು ಚುಚ್ಚುಮದ್ದಿನ ವಿಚಾರವನ್ನೂ ಕೇಳಿ.

ಆದರೆ ಕಚ್ಚಿದ್ದನ್ನು ಕಾಣದಿದ್ದರೆ? ಆಗ ಹಾವೆಂದೇ ತಿಳಿದು ನಡೆಯಬೇಕು. ಕಟ್ಟು ಹಾವಿನ ಕಡಿತದಲ್ಲಿ ನೋವು, ಗುರುತು ಇಲ್ಲದೆಯೂ ಇರಬಹುದು. ಕೆಲವು ಗಂಟೆಗಳ ಮೇಲೆ ರೆಪ್ಪೆ ಜೋಲುತ್ತದೆ, ಉಸಿರು ಕಟ್ಟುತ್ತದೆ. ಕಚ್ಚಿಸಿಕೊಂಡವರನ್ನು ನಡೆಸಬೇಡಿ. ಕೈಕಾಲಿಗೆ ದಬ್ಬೆ ಕಟ್ಟಿ, ಅಲುಗಿಸದೆ, 108ಕ್ಕೆ ಕರೆಮಾಡಿ ಅಥವಾ ಸಿಕ್ಕ ಜೀಪಿನಲ್ಲೇ ಪ್ರತಿವಿಷವಿರುವ ಆಸ್ಪತ್ರೆಗೆ ಒಯ್ಯಿರಿ. ನಾಗರ, ಕಟ್ಟು ಹಾವು, ಕೊಳಕುಮಂಡಲ, ಉರಿಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಮದ್ದು ಇದೆ. ಚಿತ್ತವಾಡ್ಗಿ ಕಡೆಯ ಕಬ್ಬು, ಬಾಳೆ ತೋಟದವರಿಗೂ ಈ ಮಾತು ಅನ್ವಯಿಸುತ್ತದೆ.

ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರಲ್ಲಿ ಆದೇಶಿಸಿದೆ. ಒಳ್ಳೆಯದೇ. ಆದರೆ ಆಸ್ಪತ್ರೆಗೆ ಬಾರದವರು ಯಾವ ವರದಿಗೂ ಸೇರುವುದಿಲ್ಲ. ಅವರು ಬಾರದಿರುವುದಕ್ಕೆ ಅಜ್ಞಾನವೊಂದೇ ಕಾರಣವಲ್ಲ. ಅರ್ಧ ದಿನದ ಕೂಲಿ ಹೋದೀತೆಂಬ ಅಂಜಿಕೆಯೂ ಹೌದು. ಆ ಅಂಜಿಕೆ ಬಿಡಿಸಬೇಕಾದವರು ತೋಟದ ಯಜಮಾನರಾದ ನಾವೇ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ವಿನಂತಿ: ಕಚ್ಚಿಸಿಕೊಂಡ ದಿನದ ಕೂಲಿ ಹಿಡಿಯಬೇಡಿ. ಕೈಗವಸು, ಗಂಬೂಟು ಕೊಡಿಸಿ. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ದಾಸ್ತಾನಿದೆಯೆಂದು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ, ಲೈನ್ ಮನೆಯ ಗೋಡೆಯ ಮೇಲೆ ಬರೆಸಿ. ಒಂದು ಮೂಟೆ ಗೊಬ್ಬರಕ್ಕಿಂತ ಇದಕ್ಕೆ ತಗಲುವ ಖರ್ಚು ಹೆಚ್ಚೇನಲ್ಲ.