ಗೃಹಸ್ಥರ ಕೈಗೆಲಸ: ಮೋಟಾರಿನ ಒಳದೀಪ

ಮೋಟಾರಿನ ಮುಂದಣ ದೊಡ್ಡ ದೀಪಗಳು ಕೆಟ್ಟರೆ ಯಜಮಾನರು ಅಂದೇ ಸರಿಮಾಡಿಸುತ್ತಾರೆ. ಒಳಚಾವಣಿಯ ಪುಟ್ಟ ದೀಪವು ಕೆಟ್ಟರೆ ತಿಂಗಳುಗಟ್ಟಲೆ ಕೇಳುವವರಿಲ್ಲ. ಅದಿಲ್ಲದೆಯೂ ಗಾಡಿಯು ಓಡುವುದಷ್ಟೆ! ಆದರೆ ಚಿಂಚೋಳಿಯ ಕಾಡಂಚಿನ ಹಳ್ಳಿಯಿಂದ ಅಪರಾತ್ರಿಯಲ್ಲಿ ರೋಗಿಯನ್ನು ಕಲಬುರಗಿಗೆ ಕರೆದೊಯ್ಯುವಾಗ, ನಡುದಾರಿಯಲ್ಲಿ ಔಷಧದ ಸೀಸೆಯ ಹೆಸರನ್ನು ಓದಬೇಕಾಗಿ ಬಂದರೆ, ಆ ದೀಪದ ಬೆಲೆಯು ತಿಳಿಯುವುದು. ಮೊಬೈಲಿನ ಬೆಳಕು ಇದೆಯಲ್ಲವೆ ಎನ್ನಬಹುದು. ಒಂದು ಕೈ ರೋಗಿಯನ್ನು ಹಿಡಿದಿದ್ದು, ಮತ್ತೊಂದು ಬೆಳಕನ್ನು ಹಿಡಿದರೆ, ಔಷಧವನ್ನು ಕುಡಿಸುವ ಕೈ ಯಾವುದು?

ದೀಪವು ಹತ್ತದಿದ್ದ ಮಾತ್ರಕ್ಕೆ ಬಲ್ಬು ಸುಟ್ಟಿತೆಂದು ತಿಳಿಯಕೂಡದು. ಸಾಮಾನ್ಯವಾಗಿ ಅದರ ಗುಂಡಿಗೆ ಮೂರು ಸ್ಥಾನಗಳುಂಟು: ಸದಾ ಉರಿಯುವುದು, ಸದಾ ಆರಿರುವುದು, ಬಾಗಿಲು ತೆರೆದಾಗ ಮಾತ್ರ ಉರಿಯುವುದು. ಮೊದಲನೆಯ ಸ್ಥಾನದಲ್ಲಿ ಉರಿದು, ಬಾಗಿಲು ತೆರೆದಾಗ ಉರಿಯದಿದ್ದರೆ ಬಲ್ಬು ನಿರ್ದೋಷಿ. ಬಾಗಿಲಿನ ಸ್ವಿಚ್ಚನ್ನು ನೋಡಬೇಕು. ಶಹಾಬಾದದಲ್ಲಿ ಫರಸಿ ಕಲ್ಲಿನ ಗಣಿಗಳು, ವಾಡಿ ಮತ್ತು ಸೇಡಂಗಳಲ್ಲಿ ಸಿಮೆಂಟಿನ ಕಾರಖಾನೆಗಳು ಇರುವ ಈ ಸೀಮೆಯಲ್ಲಿ ಧೂಳಿಗೆ ಬರವಿಲ್ಲ. ಹಳೆಯ ಗಾಡಿಗಳಲ್ಲಿ ಬಾಗಿಲ ಚೌಕಟ್ಟಿನಲ್ಲಿರುವ ಒತ್ತುಗುಂಡಿಗೆ ಈ ಧೂಳು ಮೆತ್ತಿಕೊಂಡರೆ ಅದು ಸರಾಗವಾಗಿ ಹೊರಕ್ಕೆ ಬಾರದು. ಒಣಬಟ್ಟೆಯಿಂದ ಒರೆಸಿ ನೋಡುವುದು ಮೊದಲ ಉಪಾಯ. ಯಾವ ಸ್ಥಾನದಲ್ಲಿಯೂ ದೀಪವು ಉರಿಯದಿದ್ದರೆ, ಗಾಡಿಯ ಕೈಪಿಡಿಯನ್ನು ನೋಡಿ ಅದರ ಫ್ಯೂಸನ್ನು ಪರೀಕ್ಷಿಸಿ, ಆಮೇಲೆ ಬಲ್ಬಿಗೆ ಕೈಹಾಕಬೇಕು.

ಗುಂಡಿಯನ್ನು ಆರಿದ ಸ್ಥಾನಕ್ಕೆ ತಂದು, ಬಿಸಿಯಾಗಿದ್ದರೆ ತಣಿಯಲು ಬಿಡಿರಿ. ದೀಪದ ಮುಚ್ಚಳವು ಬಹುಮಟ್ಟಿಗೆ ಒತ್ತಿ ಕೂರಿಸಿದ್ದು. ಅದರ ಅಂಚಿನ ಸಣ್ಣ ಸಂದಿಯಲ್ಲಿ, ತುದಿಗೆ ಬಟ್ಟೆ ಸುತ್ತಿದ ಚಪ್ಪಟೆ ತಿರುಪುಳಿಯನ್ನು ಇಟ್ಟು ಮೆಲ್ಲನೆ ಎಬ್ಬಿಸಿದರೆ ಬಿಡಿಸಿಕೊಳ್ಳುವುದು. ಬಲಾತ್ಕಾರ ಮಾಡಿದರೆ ಮುಚ್ಚಳದ ಕಿವಿ ಮುರಿಯುವುದು. ಒಳಗೆ, ಎರಡು ತುದಿಗೂ ಲೋಹದ ಟೊಪ್ಪಿಗೆಯಿರುವ ಉದ್ದನೆಯ ಬಲ್ಬು ಎರಡು ಸ್ಪ್ರಿಂಗು ತಗಡುಗಳ ನಡುವೆ ಸಿಕ್ಕಿಕೊಂಡಿರುವುದು ಸಾಮಾನ್ಯ. ಒಂದು ತಗಡನ್ನು ಬೆರಳಿನಿಂದ ಸರಿಸಿ ಅದನ್ನು ಹೊರತೆಗೆಯಬೇಕು. ಕೆಲವು ಗಾಡಿಗಳಲ್ಲಿ ಟೊಪ್ಪಿಗೆಯಿಲ್ಲದ ಪುಟ್ಟ ಗಾಜಿನ ಬಲ್ಬು ಇರುವುದು. ಅದನ್ನು ನೇರವಾಗಿ ಎಳೆದರೆ ಸಾಕು. ಬಲ್ಬನ್ನು ಬೇರೆಯಾಗಿ ತೆಗೆಯಲು ಬಾರದ ಹೊಸ ಮಾದರಿಗಳನ್ನು ಮಾತ್ರ ಕೆಲಸಬಲ್ಲವರಿಗೆ ಒಪ್ಪಿಸುವುದು ಲೇಸು.

ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನು ಜೊತೆಗೆ ಒಯ್ಯತಕ್ಕದ್ದು. ಉದ್ದನೆಯ ಬಲ್ಬುಗಳಲ್ಲಿಯೇ 31, 36, 41 ಮಿಲಿಮೀಟರು ಮುಂತಾದ ಅಳತೆಗಳುಂಟು. ಗಿಡ್ಡದಾದರೆ ತಗಡಿಗೆ ತಾಗದು. ಹಳೆಯದರ ಮೇಲೆ 12 ವೋಲ್ಟು, 5 ವಾಟು ಎಂದಿದ್ದರೆ, ಹೆಚ್ಚು ಬೆಳಕಿನ ಆಸೆಯಿಂದ 10 ವಾಟಿನದನ್ನು ಹಾಕಬೇಡಿರಿ. ಹೆಚ್ಚಿನ ಕಾವಿಗೆ ಪ್ಲಾಸ್ಟಿಕ್ಕಿನ ಮುಚ್ಚಳವು ಕರಗೀತು. ಎಲ್‌ಇಡಿ ಬಲ್ಬಿಗೆ ವಿದ್ಯುತ್ತೂ ಕಾವೂ ಕಡಮೆ; ಹಾಕಿದಾಗ ಉರಿಯದಿದ್ದರೆ ತುದಿಗಳನ್ನು ಅದಲುಬದಲು ಮಾಡಿ ನೋಡಿರಿ.

ಮುಚ್ಚಳವನ್ನು ಕೂರಿಸಿದ ಮೇಲೆ ಮೂರು ಸ್ಥಾನಗಳಲ್ಲಿಯೂ ಪರೀಕ್ಷಿಸಿ, ಗುಂಡಿಯನ್ನು ಸದಾ ಉರಿಯುವ ಸ್ಥಾನದಲ್ಲಿ ಬಿಡದೆ ಬಾಗಿಲು ಹಾಕಬೇಕು. ಲೆಕ್ಕವು ಸುಲಭ: 10 ವಾಟಿನ ದೀಪವು 12 ವೋಲ್ಟಿನಲ್ಲಿ ಹತ್ತು ಗಂಟೆ ಉರಿದರೆ ಸುಮಾರು 8 ಆಂಪಿಯರ್-ಗಂಟೆ ವೆಚ್ಚವಾಗುವುದು. 35 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇದು ಹೆಚ್ಚುಕಡಮೆ ಕಾಲುಪಾಲು. ಬ್ಯಾಟರಿಯು ಹಳೆಯದಾಗಿದ್ದರೆ ಬೆಳಗ್ಗೆ ಗಾಡಿಯು ಮಿಸುಕದು. ಚಿತ್ತಾಪುರದಿಂದ ವಾಡಿ ಜಂಕ್ಷನ್ನಿನ ರೈಲಿಗೆ ಹೊರಟವರನ್ನು ರೈಲು ಕಾಯುವುದಿಲ್ಲ.

ಕೆಲಸವು ಕಾಲು ಗಂಟೆಯದು. ಹಗಲಿನಲ್ಲಿ, ಮನೆಯ ಹುಡುಗರನ್ನೂ ಹೆಣ್ಣುಮಕ್ಕಳನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡು ಮಾಡಿದರೆ ಎಲ್ಲರೂ ಕಲಿತಂತಾಯಿತು. ಅದೇ ಅಳತೆಯ ಇನ್ನೊಂದು ಬಲ್ಬನ್ನು ಹತ್ತಿಯಲ್ಲಿ ಸುತ್ತಿ ಗಾಡಿಯ ಖಾನೆಯಲ್ಲಿ ಇಟ್ಟಿರಲಿ.