ಪುಸ್ತಕದ ಹೆಸರು ಹೇಳಿ ಕೇಳಿರಿ

ವಾರದ ಸಂತೆಗೆ ಒಂದು ಬುಟ್ಟಿ ಸೊಪ್ಪು ಹೊತ್ತು ತರುವ ಹೆಂಗಸು ಬುಟ್ಟಿ ಇಳಿಸುವ ಮೊದಲೇ ಸುಂಕ ಕೊಡಬೇಕು. ಎಷ್ಟು ಕೊಡಬೇಕೆಂದು ಹೇಳುವವನು ವಸೂಲಿಗಾರ. ಆತನ ಬಾಯಿಮಾತೇ ಕಾಯಿದೆ. ಚೀಟಿ ಕೇಳಿದರೆ ಒಮ್ಮೆ ಕೊಡುತ್ತಾನೆ, ಒಮ್ಮೆ ಗದರುತ್ತಾನೆ. ಆದರೆ ಪುರಸಭೆಯು ಸಂತೆಯ ಸುಂಕವನ್ನು ಹರಾಜು ಹಾಕುವಾಗ ಷರತ್ತುಗಳನ್ನು ಬರೆದಿಡುತ್ತದೆ. ಅದರ ಜೊತೆಗೆ ದರಪಟ್ಟಿಯೂ ಇರುತ್ತದೆ: ಬುಟ್ಟಿಗೆ ಇಷ್ಟು, ತಳ್ಳುಗಾಡಿಗೆ ಇಷ್ಟು, ಕುರಿಗೆ ಇಷ್ಟು. ಆ ಕಾಗದ ಕಚೇರಿಯ ಕಡತದಲ್ಲಿದೆ, ಗುತ್ತಿಗೆದಾರನ ಬಳಿಯೂ ಇದೆ. ಸುಂಕ ಕೊಡುವವಳ ಕಣ್ಣಿಗೆ ಬೀಳುವಂತೆ ಸಂತೆಯ ಬಾಗಿಲಲ್ಲಿ ಮಾತ್ರ ಇಲ್ಲ.

1951ರಲ್ಲಿ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತುದರ ಹಿಂದೆ ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರದ ಪ್ರಶ್ನೆಯಿತ್ತು. ಕೊಳಗ ಒಡೆಯನ ಮನೆಯಲ್ಲಿದ್ದಷ್ಟು ಕಾಲ ಎಷ್ಟು ಕೊಟ್ಟೆವೆಂಬುದು ಕೊಟ್ಟವನಿಗೇ ತಿಳಿಯದು. ಪಟ್ಟಣದಲ್ಲಿ ಆ ಕೊಳಗದ ಜಾಗದಲ್ಲಿರುವುದು ಮುನಿಸಿಪಾಲಿಟಿಯ ಕಪಾಟಿನ ಪುಸ್ತಕಗಳು. ಅವುಗಳನ್ನು ಹೊರಗೆ ತರಿಸುವುದು ಹೇಗೆಂಬುದನ್ನೇ ಈ ವಾರ ನಾವು ವಾಚಕರ ಮುಂದಿಡುತ್ತಿದ್ದೇವೆ.

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಕರ್ನಾಟಕವು 2000ದಲ್ಲಿಯೇ ತನ್ನದೊಂದು ಮಾಹಿತಿ ಹಕ್ಕಿನ ಕಾಯಿದೆ ಮಾಡಿತ್ತು; 2005ರಲ್ಲಿ ಇಡೀ ದೇಶಕ್ಕೆ ಒಂದು ಕಾಯಿದೆ ಬಂದಿತು. ಅದು ದಿಲ್ಲಿಯ ದೊರೆಗಳು ಕರುಣೆಯಿಂದ ಕೊಟ್ಟದ್ದೇನೂ ಅಲ್ಲ. ರಾಜಸ್ಥಾನದ ಹಳ್ಳಿಗಳಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನಸುನಾವಣೆ ನಡೆಸಿ, ಕೂಲಿಯ ಹಾಜರಿ ಪಟ್ಟಿಗಳನ್ನು ಜನರೆದುರು ಗಟ್ಟಿಯಾಗಿ ಓದಿದರು. ಸತ್ತವರ ಹೆಸರಿನಲ್ಲಿ ಕೂಲಿ ಎತ್ತಿದ್ದೂ, ಕಟ್ಟದ ಕಟ್ಟಡಕ್ಕೆ ಬಿಲ್ಲು ಆದದ್ದೂ ಹೀಗೆ ಬಯಲಿಗೆ ಬಂದಿತು. 1996ರ ಏಪ್ರಿಲಿನಲ್ಲಿ ಅವರು ಬ್ಯಾವರ್ ಪಟ್ಟಣದಲ್ಲಿ ಧರಣಿ ಕುಳಿತು ನಲವತ್ತು ದಿನ ಏಳಲಿಲ್ಲ. ಬ್ಯಾವರ್ ಎಂದರೆ ಹತ್ತಿ ವ್ಯಾಪಾರದ, ಬಟ್ಟೆ ಗಿರಣಿಗಳ ಊರು, ನಮ್ಮಂತಹುದೇ ಊರು. ಧರಣಿ ಕುಳಿತ ಹಳ್ಳಿಗರಿಗೆ ತರಕಾರಿ ಕೊಟ್ಟವರು ಅಲ್ಲಿಯ ಮಾರುಕಟ್ಟೆಯ ವ್ಯಾಪಾರಿಗಳು. ಗಿರಣಿಯವರೂ ಅಂಗಡಿಯವರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡುವ ನಮ್ಮ ಪೇಟೆಯಲ್ಲಿ ಈ ಸಂಗತಿಯನ್ನು ಇಬ್ಬರೂ ತಿಳಿದಿರಲಿ ಎಂದು ಬರೆದೆವು.

ಕಾಯಿದೆ ಬಂದ ಮೇಲೂ ನಮ್ಮ ಜನ ಬರಿಗೈಯಲ್ಲಿ ಏಕೆ ಮರಳುತ್ತಾರೆ? ಅರ್ಜಿಗಳನ್ನು ನೋಡಿದರೆ ಕಾರಣ ತಿಳಿಯುತ್ತದೆ. "ನಮ್ಮ ಬೀದಿಯ ಚರಂಡಿ ಏಕೆ ಕಟ್ಟಿಲ್ಲ?", "ಇಂಥವರಿಗೆ ಮಳಿಗೆ ಹೇಗೆ ಕೊಟ್ಟಿರಿ?" ಎಂದು ಬರೆಯುತ್ತೇವೆ. ಇದು ನ್ಯಾಯವಾದ ಸಿಟ್ಟು, ಆದರೆ ಕೆಲಸಕ್ಕೆ ಬಾರದ ಅರ್ಜಿ. ಕಚೇರಿಯಲ್ಲಿ ಈಗಾಗಲೇ ಇರುವ ದಾಖಲೆಯನ್ನು ಕೊಡುವುದಷ್ಟೇ ಅಧಿಕಾರಿಯ ಹೊಣೆ, ಇಲ್ಲದ್ದನ್ನು ಹೊಸದಾಗಿ ತಯಾರಿಸಿ ಕೊಡಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. 'ಏಕೆ' ಎಂದು ಕೇಳಿದವನಿಗೆ ಗುಮಾಸ್ತ ಒಂದು ಸಾಲಿನ ಹಿಂಬರಹ ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಪುಸ್ತಕದ ಹೆಸರು ಹಿಡಿದು ಕೇಳಿದವನಿಗೆ ಹಾಗೆ ಮಾಡುವುದು ಕಷ್ಟ.

ಆದುದರಿಂದ ಹೆಸರುಗಳನ್ನು ತಿಳಿಯೋಣ. ಚರಂಡಿಯ ಮಾತಾದರೆ ಮೊದಲು ಅಂದಾಜು ಪಟ್ಟಿ, ಆಮೇಲೆ ಕಾರ್ಯಾದೇಶ, ಆಮೇಲೆ ಎಂ.ಬಿ. ಎಂದು ಇಂಜಿನಿಯರರು ಕರೆಯುವ ಅಳತೆ ಪುಸ್ತಕ. ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಆಳ ಕೆಲಸವಾಯಿತೆಂದು ಅದರಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಗುತ್ತಿಗೆದಾರನ ಬಿಲ್ಲು ಪಾಸಾಗುವುದು. ಆ ಪುಟದ ನಕಲು ಕೈಯಲ್ಲಿದ್ದರೆ ಒಂದು ಅಳತೆಯ ಟೇಪು ಸಾಕು, ನಾಲ್ಕನೆಯ ತರಗತಿಯ ಹುಡುಗನೂ ಲೆಕ್ಕ ಒಪ್ಪಿಸಿಯಾನು. ಕಾಯಿದೆಯ 2ನೆಯ ಕಲಮು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕು ಕೂಡ ನಾಗರಿಕನಿಗೆ ಇದೆ.

ಸಣ್ಣ ವ್ಯಾಪಾರಿಗಳು ಕೇಳಬೇಕಾದ ಪುಸ್ತಕ ಬೇರೆ. ಬೇಡಿಕೆ, ವಸೂಲಿ, ಬಾಕಿ, ಈ ಮೂರು ಅಂಕಣಗಳ ವಹಿಯೊಂದು ಕಂದಾಯ ಶಾಖೆಯಲ್ಲಿರುತ್ತದೆ, ಕಚೇರಿಯವರು ಡಿ.ಸಿ.ಬಿ. ಎನ್ನುತ್ತಾರೆ. ಪುರಸಭೆಯ ಮಳಿಗೆಗಳಲ್ಲಿ ಯಾರ ಬಾಡಿಗೆ ಎಷ್ಟು, ಯಾರು ಎಷ್ಟು ವರ್ಷದಿಂದ ಬಾಕಿ ಎಂಬುದಕ್ಕೂ ಇದೇ ಬಗೆಯ ವಹಿಯಿದೆ. ಎರಡು ತಿಂಗಳ ಬಾಕಿಗೆ ಚಿಲ್ಲರೆ ಅಂಗಡಿಯ ಬಾಗಿಲಿಗೆ ಬೀಗ ಬೀಳುತ್ತದೆ. ದೊಡ್ಡವರ ಬಾಕಿ ಎಷ್ಟೆಂದು ತಿಳಿಯಲು ಆ ವಹಿಯ ಕೊನೆಯ ಅಂಕಣ ಓದಿದರೆ ಸಾಕು. ನಿಮ್ಮ ಕಂದಾಯದ ರಸೀದಿಯನ್ನೂ ತೆಗೆದು ನೋಡಿರಿ. ತೆರಿಗೆಯ ಮೇಲೆ ನೂರಕ್ಕೆ 6ರಂತೆ ಗ್ರಂಥಾಲಯ ಕರ, 3ರಂತೆ ಭಿಕ್ಷುಕರ ಕರ ಸೇರಿಸಿ ವಸೂಲು ಮಾಡುತ್ತಾರೆ. ಇವು ಪುರಸಭೆಯ ಸ್ವಂತ ಹಣವಲ್ಲ, ಸಂಬಂಧಪಟ್ಟ ಇಲಾಖೆಗೆ ಕಟ್ಟಬೇಕಾದ ಹಣ. ಎಷ್ಟು ವಸೂಲಾಯಿತು, ಎಷ್ಟು ಕಟ್ಟಿದರು, ಯಾವ ತಾರೀಖಿಗೆ? ಗ್ರಂಥಾಲಯದ ಮಾಡು ಸೋರುವ ಊರಿನಲ್ಲಿ ಇದನ್ನು ಕೇಳಲೇಬೇಕು.

ಬೀದಿ ಬದಿಯ ವ್ಯಾಪಾರಿಗಳಿಗೆ 2014ರ ಕಾಯಿದೆಯಿದೆ. ಅದರಂತೆ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಚುನಾಯಿತರಾಗಿ ಕೂರಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ತಳ್ಳುಗಾಡಿ ಎತ್ತಿಸಲು ಬಂದ ದಿನ ಕೂಗಾಡುವುದಕ್ಕಿಂತ ಮುಂಚೆಯೇ ಸಮೀಕ್ಷೆಯ ಪಟ್ಟಿಯ, ಸಮಿತಿಯ ಸಭಾ ನಡವಳಿಯ ನಕಲು ತೆಗೆದಿಡಿರಿ.

ಗಿರಣಿ ಕಾರ್ಮಿಕ ಬಂಧುಗಳು "ನಮ್ಮ ಗಿರಣಿ ಖಾಸಗಿ, ಅಲ್ಲಿಗೆ ಈ ಕಾಯಿದೆ ತಾಗದು" ಎಂದು ಸುಮ್ಮನಿರುವುದುಂಟು. ಧಣಿಯ ಕಚೇರಿಗೆ ತಾಗದು, ನಿಜ. ಆದರೆ ಧಣಿಯು ಕಾರ್ಮಿಕ ಇಲಾಖೆಗೆ, ಕಾರ್ಖಾನೆಗಳ ಇಲಾಖೆಗೆ ಸಲ್ಲಿಸಿದ ವಾರ್ಷಿಕ ವರದಿಗಳು ಸರಕಾರದ ಕಡತದಲ್ಲಿವೆ, ಅವಕ್ಕೆ ತಾಗುತ್ತದೆ. ಎಷ್ಟು ಜನ ದುಡಿಯುತ್ತಾರೆಂದು ಆತ ಬರೆದುಕೊಟ್ಟಿದ್ದಾನೆ? ಆ ಅಂಕಿಯನ್ನು ನಿಮ್ಮ ಪಾಳಿಯ ತಲೆಗಳೊಡನೆ ಹೋಲಿಸಿರಿ. ಮುಚ್ಚಿದ ಗಿರಣಿಯ ನೆಲದ ಸಂಗತಿಗಂತೂ ಇನ್ನೊಂದು ದಾರಿಯಿದೆ. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನಂತೆ ಸ್ಥಿರಾಸ್ತಿಯ ಪತ್ರಗಳ ಒಂದನೆಯ ಪುಸ್ತಕವು ಶುಲ್ಕ ಕೊಟ್ಟ ಯಾರಿಗಾದರೂ ತೆರೆದದ್ದು. ಸರ್ವೆ ನಂಬರು ಹಿಡಿದು ಉಪನೋಂದಣಾಧಿಕಾರಿಯ ಕಚೇರಿಗೆ ಹೋದರೆ ಚಿಮಣಿಯ ನೆರಳಿನ ನೆಲ ಯಾರ ಹೆಸರಿಗೆ ಹೋಯಿತೆಂದು ತಿಳಿಯುತ್ತದೆ. ಗ್ರಾಚ್ಯುಯಿಟಿ ಬಾಕಿಯಿರುವವರು ಇದನ್ನು ತಡಮಾಡಬಾರದು.

ಅರ್ಜಿಯ ಕ್ರಮ ದೊಡ್ಡದೇನಲ್ಲ. ಶುಲ್ಕ 10 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಕನ್ನಡದಲ್ಲಿ ಬರೆದರೆ ಸಾಕು. ಏತಕ್ಕೆ ಬೇಕೆಂದು ಹೇಳಬೇಕಾಗಿಲ್ಲ, "ನಿನಗೇಕಯ್ಯಾ ಇದೆಲ್ಲ?" ಎಂದವರಿಗೆ 6ನೆಯ ಕಲಮನ್ನು ತೋರಿಸಿರಿ. ಬರೆಯಲು ಬಾರದವನು ಬಾಯಲ್ಲಿ ಹೇಳಿದರೆ ಅದನ್ನು ಬರೆದುಕೊಳ್ಳಲು ಅಧಿಕಾರಿಯೇ ನೆರವಾಗಬೇಕು. 30 ದಿನದೊಳಗೆ ಉತ್ತರ ಬರಬೇಕು. ಅವಧಿ ಮೀರಿದರೆ ನಕಲಿಗೆ ಹಣ ಕೇಳುವಂತಿಲ್ಲ. ಕರ್ನಾಟಕದ ನಿಯಮವೊಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು ಎನ್ನುತ್ತದೆ. ಬಡವನ ಬಾಯಿಗೆ ಪಡಿಯಳೆದಂತೆ ಪದ ಅಳೆಯುವ ಈ ನಿಯಮ ನಮಗೆ ಸೇರದು. ಆದರೂ ಪುಸ್ತಕದ ಹೆಸರು, ವರ್ಷ, ವಾರ್ಡು ಬರೆಯಲು ಐವತ್ತು ಪದ ಸಾಕು.

ತೊಡಕುಗಳನ್ನು ಮುಚ್ಚಿಡುವುದಿಲ್ಲ. "ಕಡತ ಸಿಗುತ್ತಿಲ್ಲ" ಎಂಬ ಉತ್ತರ ಬರುತ್ತದೆ. ಮೊದಲ ಮೇಲ್ಮನವಿಯನ್ನು ಅದೇ ಕಚೇರಿಯ ಮೇಲಿನವರಿಗೇ ಕೊಡಬೇಕು. ಎರಡನೆಯದನ್ನು ಬೆಂಗಳೂರಿನ ಆಯೋಗಕ್ಕೆ 90 ದಿನದೊಳಗೆ ಹಾಕಿ, ಆಮೇಲೆ ತಾಳ್ಮೆಯಿಂದ ಕಾಯಬೇಕು. ತಪ್ಪು ಮಾಡಿದ ಅಧಿಕಾರಿಗೆ ದಿನಕ್ಕೆ 250ರಂತೆ 25,000 ರೂಪಾಯಿವರೆಗೆ ದಂಡವುಂಟು. ಇಷ್ಟು ಸಾಲದೆಂಬಂತೆ 2023ರ ವೈಯಕ್ತಿಕ ದತ್ತಾಂಶದ ಕಾಯಿದೆಯು ಮಾಹಿತಿ ಹಕ್ಕಿನ 8ನೆಯ ಕಲಮನ್ನು ತಿದ್ದಿತು. ವೈಯಕ್ತಿಕವೆಂದ ಮಾತ್ರಕ್ಕೆ ನಿರಾಕರಿಸುವ ದಾರಿ ಅದರಿಂದ ಅಗಲವಾಯಿತು. ಬಾಕಿದಾರರ ಹೆಸರು ಕೇಳಿದಾಗ ಈ ನೆಪ ಮುಂದೆ ಬಂದೇ ಬರುತ್ತದೆ. ಸಾರ್ವಜನಿಕ ಹಿತ ದೊಡ್ಡದಾದಲ್ಲಿ ಕೊಡಬಹುದೆಂಬ 8(2) ಉಪಕಲಮು ಇನ್ನೂ ಉಳಿದಿದೆ. ಮೇಲ್ಮನವಿಯಲ್ಲಿ ಅದನ್ನೇ ಹಿಡಿಯಿರಿ.

ಮಾಹಿತಿ ಕೇಳಿದವರ ಮೇಲೆ ಹಲ್ಲೆಗಳಾಗಿವೆ, ಕೊಲೆಗಳೂ ಆಗಿವೆ. ಒಂಟಿಯಾಗಿ ಕೇಳುವುದು ಬೇಡವೆಂದು ನಾವು ಹೇಳುವುದು ಅದಕ್ಕೇ. ಹಕ್ಕು ನಾಗರಿಕನದು, ಸಂಘದ ಹೆಸರಿನಲ್ಲಿ ಹಾಕಿದ ಅರ್ಜಿಯನ್ನು ತಿರುಗಿಸಲು ನೆಪ ಸಿಗುತ್ತದೆ. ಹತ್ತು ಜನ ಹತ್ತು ಅರ್ಜಿಗಳನ್ನು ತಮ್ಮ ತಮ್ಮ ಹೆಸರಿನಲ್ಲಿ ಒಂದೇ ದಿನ ಕೊಟ್ಟು ಸ್ವೀಕೃತಿ ಪಡೆಯಲಿ. ಕಡತ ನೋಡಲು ಕರೆದ ದಿನ ಹತ್ತು ಜನರೂ ಒಟ್ಟಿಗೆ ಹೋಗಲಿ.

ಸಂತೆ ಸುಂಕದ ಕಡತದಿಂದ ಆರಂಭಿಸೋಣ. ಕೇಳಬೇಕಾದುದು ಮೂರೇ: ಹರಾಜಿನ ಷರತ್ತುಗಳ ನಕಲು, ಒಪ್ಪಿದ ದರಪಟ್ಟಿ, ಗುತ್ತಿಗೆದಾರನು ಈವರೆಗೆ ಕಟ್ಟಿದ ಕಂತುಗಳ ರಸೀದಿ. ದರಪಟ್ಟಿ ಕೈಗೆ ಬಂದ ವಾರವೇ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಸಿ ಸಂತೆಯ ಬಾಗಿಲಿಗೆ ಕಟ್ಟೋಣ. ಅರ್ಜಿ ಬರೆಸಿಕೊಳ್ಳಬೇಕಾದವರು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬರಲಿ. ಎರಡನೆಯ ಪಾಳಿಯವರಿಗೆ ಸಂಜೆಯೂ ಬಾಗಿಲು ತೆರೆದಿರುತ್ತದೆ.