ಅದು ಗೊರಕೆಯಲ್ಲ

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬರು ಟೀಚರ್ ಇದ್ದಾರೆ. ಎರಡು ವರ್ಷಗಳ ಹಿಂದೆ ಅವರ ಮಗ ಬೆಂಗಳೂರಿನಿಂದ ಬರುವಾಗ ಒಂದು ಪಗ್ ನಾಯಿಮರಿಯನ್ನು ತಂದುಕೊಟ್ಟ. ಚಪ್ಪಟೆ ಮುಖ, ಹಣೆ ತುಂಬ ನೆರಿಗೆ, ಗೋಲಿಯಂತೆ ಉಬ್ಬಿದ ಕಣ್ಣುಗಳು, ಚಕ್ಕುಲಿಯಂತೆ ಸುತ್ತಿದ ಬಾಲ. ಚಿಂಟು ಎಂದು ಹೆಸರಿಟ್ಟರು. ಸಂಜೆಯಾದರೆ ನಮ್ಮ ಕಟ್ಟಡದ ಮಕ್ಕಳೆಲ್ಲ ಚಿಂಟುವಿನ ಸುತ್ತ. ಅದು ನಡೆಯುವಾಗಲೂ ಗೊರ್ ಗೊರ್, ಮಲಗಿದಾಗಲೂ ಗೊರ್ ಗೊರ್. ನಿದ್ದೆ ಮಾಡುವಾಗ ಬಾಯಲ್ಲಿ ಒಂದು ರಬ್ಬರ್ ಚೆಂಡು ಇರಲೇಬೇಕು. ಆ ಭಂಗಿಯ ಫೋಟೋ ತೆಗೆಯದ ಮಕ್ಕಳಿಲ್ಲ. “ಉಮ್ಮಾ, ಅಜ್ಜನ ಹಾಗೆಯೇ ಗೊರಕೆ ಹೊಡೆಯುತ್ತದೆ” ಎಂದು ನನ್ನ ಮಗಳು ಓಡಿ ಬಂದು ಹೇಳಿದಾಗ ನಾನೂ ನಕ್ಕಿದ್ದೆ. “ನಮಗೂ ಒಂದು ಪಗ್ ಬೇಕು” ಎಂಬ ಹಟವೂ ಅಂದೇ ಆರಂಭವಾಗಿತ್ತು.

ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ. ಮಂಗಳೂರಿನ ಸೆಕೆ ಹೇಗಿರುತ್ತದೆಂದು ನಿಮಗೆ ಗೊತ್ತು. ಜೊತೆಗೆ ಕರೆಂಟ್ ಕೂಡ ಇರಲಿಲ್ಲ. ಮೆಟ್ಟಿಲಿನಿಂದ ಟೀಚರ್ ಕೂಗಿದ್ದು ಕೇಳಿಸಿತು, “ಅಕ್ಕಾ, ಬೇಗ ಬನ್ನಿ!” ಹೋಗಿ ನೋಡಿದರೆ ಚಿಂಟು ನೆಲದ ಮೇಲೆ ಬಿದ್ದಿತ್ತು. ನಾಲಗೆ ನೀಲಿಯಾಗಿತ್ತು. ಇಬ್ಬರೂ ಸೇರಿ ಅದರ ಮೈಗೆ ನೀರು ಹಾಕಿ, ಒದ್ದೆ ಬೈರಾಸು ಹೊದಿಸಿ, ರಿಕ್ಷಾ ಹಿಡಿದು ಪಶುವೈದ್ಯರ ಬಳಿ ಕೊಂಡೊಯ್ದೆವು. ಆಕ್ಸಿಜನ್ ಕೊಟ್ಟ ಮೇಲೆ ಅದು ಮೆಲ್ಲನೆ ಕಣ್ಣು ತೆರೆಯಿತು.

“ಉಸಿರಾಟದ ತೊಂದರೆ ಎಷ್ಟು ಸಮಯದಿಂದ ಇದೆ?” ಎಂದು ಡಾಕ್ಟರ್ ಕೇಳಿದರು.

“ತೊಂದರೆ ಏನೂ ಇರಲಿಲ್ಲ ಡಾಕ್ಟ್ರೇ. ಗೊರಕೆ ಮಾತ್ರ” ಎಂದರು ಟೀಚರ್.

“ಎಚ್ಚರ ಇರುವಾಗ ಯಾರಾದರೂ ಗೊರಕೆ ಹೊಡೆಯುತ್ತಾರೆಯೇ ಅಮ್ಮಾ? ಅದು ಗೊರಕೆಯಲ್ಲ. ಉಸಿರು ಸಾಲದೆ ಒದ್ದಾಡುವ ಸದ್ದು. ಬಾಯಲ್ಲಿ ಚೆಂಡು ಕಚ್ಚಿಕೊಂಡು ಮಲಗುವುದೂ ಆಟಕ್ಕಲ್ಲ. ಬಾಯಿ ಮುಚ್ಚಿದರೆ ಅದಕ್ಕೆ ಉಸಿರು ಕಟ್ಟುತ್ತದೆ.”

ಟೀಚರ್ ಅಲ್ಲಿಯೇ ಅತ್ತುಬಿಟ್ಟರು. ನಾವು ತೆಗೆದಿದ್ದ ಆ ಫೋಟೋಗಳೆಲ್ಲ ನನ್ನ ಕಣ್ಣ ಮುಂದೆ ಬಂದವು.

ಓದುಗರಲ್ಲಿ ಕೆಲವರು ಕೇಳಬಹುದು, ನಮ್ಮ ಮನೆಗಳಲ್ಲಿ ನಾಯಿ ಸಾಕುವವರೇ ಕಡಿಮೆ, ಈ ವಿಷಯ ನಮಗೇಕೆ ಎಂದು. ಬಾಯಾರಿ ಏದುಸಿರು ಬಿಡುತ್ತಿದ್ದ ನಾಯಿಯನ್ನು ಕಂಡು ಬಾವಿಗಿಳಿದು, ತನ್ನ ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನ ಘಟನೆಯನ್ನು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆತನಿಗೆ ಆ ನಾಯಿ ಸ್ವಂತದ್ದಾಗಿರಲಿಲ್ಲ. ಸಾಕುವುದು ಬಿಡುವುದು ಬೇರೆ ಮಾತು. ಒಂದು ಜೀವಿಯ ಸಂಕಟವನ್ನು ಕಂಡೂ ಅದನ್ನು ಸಂಕಟವೆಂದು ಗುರುತಿಸದೆ ನಕ್ಕುಬಿಡುವುದು ಬೇರೆ ಮಾತು.

ಅಷ್ಟಕ್ಕೂ ಪಗ್‌ಗೆ ಆಗಿರುವುದೇನು? ನಾಯಿಯ ಮೈ ನಮ್ಮಂತೆ ಬೆವರುವುದಿಲ್ಲ. ನಾಲಗೆ ಚಾಚಿ ತೇಕುತ್ತಲೇ ಅದು ಮೈಯ ಬಿಸಿಯನ್ನು ಹೊರಹಾಕಬೇಕು. ಮುಖ ಚಪ್ಪಟೆಯಾಗಲೆಂದು ಮನುಷ್ಯರು ತಲೆಮಾರಿನಿಂದ ತಲೆಮಾರಿಗೆ ಗಿಡ್ಡ ಮೂತಿಯ ನಾಯಿಗಳನ್ನೇ ಆರಿಸಿ ಜೋಡಿ ಮಾಡುತ್ತ ಬಂದರು. ಮೂಳೆ ಗಿಡ್ಡವಾಯಿತು. ಆದರೆ ಮೂಳೆಯ ಒಳಗಿನ ಮಾಂಸ ಅದಕ್ಕೆ ತಕ್ಕಂತೆ ಕಡಿಮೆಯಾಗಲಿಲ್ಲ. ಮೂಗಿನ ಹೊಳ್ಳೆ ಸೀಳಿನಷ್ಟು ಕಿರಿದಾಯಿತು. ಅಂಗುಳಿನ ಹಿಂಭಾಗದ ಮೆತ್ತನೆಯ ಪದರ ಉದ್ದವಾಗಿ ಉಳಿದು ಗಂಟಲಿನ ದಾರಿಗೆ ಅಡ್ಡ ಬಂತು. ಗಾಳಿ ಎಳೆದುಕೊಳ್ಳುವುದೇ ಕಷ್ಟವಾದಾಗ ಸೆಕೆಯಲ್ಲಿ ಮೈ ತಣಿಯುವುದು ಹೇಗೆ? ಅನೇಕ ವಿಮಾನ ಕಂಪೆನಿಗಳು ಚಪ್ಪಟೆ ಮೂತಿಯ ನಾಯಿಗಳನ್ನು ಸರಕು ವಿಭಾಗದಲ್ಲಿ ಒಯ್ಯಲು ಒಪ್ಪದಿರುವುದು ಈ ಕಾರಣಕ್ಕಾಗಿಯೇ.

ತೊಂದರೆ ಉಸಿರಿಗೆ ಮಾತ್ರ ನಿಲ್ಲುವುದಿಲ್ಲ. ಕಣ್ಣಿನ ಗುಳಿ ಆಳವಿಲ್ಲದ್ದರಿಂದ ಕಣ್ಣುಗಳು ಹೊರಗೆ ಉಬ್ಬಿರುತ್ತವೆ. ಸಣ್ಣ ಏಟಿಗೂ ಹುಣ್ಣಾಗುತ್ತವೆ, ಕೆಲವೊಮ್ಮೆ ದೃಷ್ಟಿಯೇ ಹೋಗುತ್ತದೆ. ಮುಖದ ನೆರಿಗೆಗಳಲ್ಲಿ ತೇವ ನಿಂತು ಸೋಂಕಾಗುತ್ತದೆ. ಬಾಲವನ್ನು ಸುರುಳಿಯಾಗಿಸುವ ಮೂಳೆಯ ದೋಷ ಬೆನ್ನುಹುರಿಯವರೆಗೂ ಹಬ್ಬಿದರೆ ಹಿಂಗಾಲುಗಳ ಬಲ ಕುಂದುತ್ತದೆ. ನಾವು ‘ಮುದ್ದು’ ಎನ್ನುವ ಒಂದೊಂದು ಲಕ್ಷಣದ ಹಿಂದೆಯೂ ಒಂದು ನೋವಿದೆ.

ಪಗ್ ಮೊದಲಿನಿಂದಲೂ ಹೀಗೆಯೇ ಇತ್ತೇ? ಇಲ್ಲ. ಚೀನಾದಲ್ಲಿ ಹುಟ್ಟಿ ಯುರೋಪಿಗೆ ಹೋದ ತಳಿ ಇದು. ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ಹೋಗಾರ್ತ್ 1745ರಲ್ಲಿ ತನ್ನ ಸಾಕುನಾಯಿಯ ಜೊತೆ ಬರೆದುಕೊಂಡ ಸ್ವಂತ ಚಿತ್ರ ಇಂದಿಗೂ ಇದೆ. ಅದರಲ್ಲಿರುವುದು ಪಗ್. ಆದರೆ ಅದಕ್ಕೆ ಮೂತಿಯೆಂಬುದು ಇದೆ! ಇಂದಿನ ಪಗ್‌ನ ಪಕ್ಕದಲ್ಲಿ ಇಟ್ಟರೆ ಬೇರೆ ತಳಿ ಎಂದೇ ಅನಿಸುತ್ತದೆ.

ನಡುವೆ ಬಂದದ್ದು ಪ್ರದರ್ಶನಗಳ ಕಾಲ. 1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಾಯಿಗಳ ಪ್ರದರ್ಶನ ನಡೆಯಿತು. 1873ರಲ್ಲಿ ಲಂಡನ್ನಿನಲ್ಲಿ ಕೆನಲ್ ಕ್ಲಬ್ ಸ್ಥಾಪನೆಯಾಯಿತು. ಬೇಟೆಗೆ, ಕಾವಲಿಗೆ, ಕುರಿ ಕಾಯಲು ಆರಿಸುತ್ತಿದ್ದ ನಾಯಿಗಳನ್ನು ನೋಟಕ್ಕಾಗಿ ಆರಿಸುವ ಪದ್ಧತಿ ಬೆಳೆಯಿತು. ಪ್ರತಿ ತಳಿಗೂ ಕಿವಿ ಹೀಗಿರಬೇಕು, ಬಾಲ ಹೀಗಿರಬೇಕು ಎಂಬ ಲಿಖಿತ ನಿಯಮ ಬಂತು. ಪುಸ್ತಕದಲ್ಲಿ ನೋಂದಣಿಯಾದ ನಾಯಿಗಳಿಗೆ ಹುಟ್ಟಿದ ಮರಿ ಮಾತ್ರ ‘ಶುದ್ಧ’ ಎಂದಾಯಿತು. ಹೊರಗಿನ ರಕ್ತ ಬರುವ ಬಾಗಿಲು ಮುಚ್ಚಿತು. ಬಹುಮಾನ ಗೆದ್ದ ಒಂದೇ ಗಂಡುನಾಯಿಯಿಂದ ನೂರಾರು ಮರಿಗಳು, ಮತ್ತೆ ಆ ಮರಿಗಳ ಮರಿಗಳ ನಡುವೆಯೇ ಜೋಡಿ. 2008ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಬ್ರಿಟನ್ನಿನ ಸುಮಾರು 10,000 ಪಗ್‌ಗಳಲ್ಲಿದ್ದ ವಂಶವಾಹಿಗಳ ವೈವಿಧ್ಯ ಕೇವಲ 50 ನಾಯಿಗಳಲ್ಲಿ ಇರಬಹುದಾದಷ್ಟು ಮಾತ್ರ ಎಂದು ತಿಳಿದುಬಂತು.

ಪಗ್ ಒಂದರದ್ದೇ ಈ ಪಾಡಲ್ಲ. ಬುಲ್‌ಡಾಗ್‌ನ ತಲೆಯನ್ನು ಎಷ್ಟು ದೊಡ್ಡದು ಮಾಡಿದ್ದಾರೆಂದರೆ ತಾಯಿಗೆ ತಾನಾಗಿ ಮರಿ ಹಾಕುವುದೇ ಕಷ್ಟ. ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬುಲ್‌ಡಾಗ್‌ಗಳ ಶೇ. 80ಕ್ಕೂ ಹೆಚ್ಚು ಸೂಲುಗಳು ಸಿಸೇರಿಯನ್ ಮೂಲಕವೇ ಆಗುತ್ತಿದ್ದವು. ಹೆರಿಗೆಯ ನೋವು ಬಲ್ಲ ತಾಯಂದಿರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ. ಕ್ಯಾವಲಿಯರ್ ಎಂಬ ಉದ್ದ ಕಿವಿಯ ಸುಂದರ ತಳಿಯಲ್ಲಿ ತಲೆಬುರುಡೆಯ ಹಿಂಭಾಗ ಮೆದುಳಿಗೆ ಸಾಲದಷ್ಟು ಇಕ್ಕಟ್ಟು. ಅದರಿಂದ ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳು ಉಂಟಾಗಿ ಕೆಲವು ನಾಯಿಗಳು ಕುತ್ತಿಗೆಯನ್ನು ಮುಟ್ಟಿದರೂ ನೋವಿನಿಂದ ಚೀರುತ್ತವೆ.

ಇದನ್ನೆಲ್ಲ ಹೊರಜಗತ್ತಿಗೆ ತೋರಿಸಿದ್ದು 2008ರಲ್ಲಿ ಬಿಬಿಸಿ ಪ್ರಸಾರ ಮಾಡಿದ ಒಂದು ಸಾಕ್ಷ್ಯಚಿತ್ರ. ಅದನ್ನು ನೋಡಿ ಜನರು ಬೆಚ್ಚಿದರು. ದಶಕಗಳಿಂದ ತೋರಿಸುತ್ತಿದ್ದ ಕ್ರಫ್ಟ್ಸ್ ಎಂಬ ಪ್ರಸಿದ್ಧ ನಾಯಿ ಪ್ರದರ್ಶನವನ್ನು 2009ರಲ್ಲಿ ಬಿಬಿಸಿ ಪ್ರಸಾರ ಮಾಡಲಿಲ್ಲ. ಅದೇ ವರ್ಷ ತಾಯಿ-ಮಗ, ತಂದೆ-ಮಗಳು, ಒಡಹುಟ್ಟಿದವುಗಳ ನಡುವೆ ಹುಟ್ಟಿದ ಮರಿಗಳ ನೋಂದಣಿಯನ್ನು ಕೆನಲ್ ಕ್ಲಬ್ ನಿಲ್ಲಿಸಿತು. ಅಲ್ಲಿಯವರೆಗೆ ಅದಕ್ಕೂ ಅವಕಾಶವಿತ್ತು ಎಂಬುದನ್ನು ಗಮನಿಸಿ.

ಕಾನೂನು ಕೂಡ ಎಚ್ಚರಗೊಂಡಿದೆ. ಮೂತಿಯ ಉದ್ದ ತಲೆಬುರುಡೆಯ ಉದ್ದದ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ ಇರುವ ನಾಯಿಗಳಿಂದ ಮರಿ ಪಡೆಯುವಂತಿಲ್ಲ ಎಂದು ನೆದರ್‌ಲ್ಯಾಂಡ್ಸ್ 2019ರಲ್ಲಿ ಅಳತೆಯನ್ನೇ ನಿಗದಿ ಮಾಡಿತು. ನಾರ್ವೆಯಲ್ಲಿ ಪ್ರಾಣಿರಕ್ಷಣಾ ಸಂಘಟನೆಯೊಂದು ಹೂಡಿದ ದಾವೆಯಲ್ಲಿ, ಶುದ್ಧ ಕ್ಯಾವಲಿಯರ್‌ಗಳ ಸಂತಾನವನ್ನು ಹೀಗೆಯೇ ಮುಂದುವರಿಸುವುದು ಪ್ರಾಣಿ ಕಲ್ಯಾಣ ಕಾನೂನಿನ ಉಲ್ಲಂಘನೆ ಎಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪು ನೀಡಿತು.

ಆದರೂ ಈ ನಾಯಿಗಳ ಬೇಡಿಕೆ ನಿಂತಿಲ್ಲ. ಏಕೆ? ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನವರು 2012ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ಇದಕ್ಕೆ ಉತ್ತರ ಕೊಡುತ್ತದೆ. ಉಸಿರಾಟದ ಅಡಚಣೆ ಇದೆಯೆಂದು ಖಚಿತವಾದ ನಾಯಿಗಳ ಮಾಲಕರನ್ನು ವಿಚಾರಿಸಿದಾಗ ಶೇ. 58 ಮಂದಿ ‘ನಮ್ಮ ನಾಯಿಗೆ ಉಸಿರಿನ ತೊಂದರೆ ಇಲ್ಲ’ ಎಂದರು. ಅವರು ಸುಳ್ಳು ಹೇಳಿದವರಲ್ಲ. ಈ ತಳಿ ಇರುವುದೇ ಹೀಗೆ ಎಂದು ನಂಬಿದವರು. ನಮ್ಮ ಟೀಚರ್ ಹಾಗೆ, ನನ್ನ ಹಾಗೆ.

ನಮ್ಮ ದೇಶದಲ್ಲಿ ಪಗ್ ಮನೆಮಾತಾದ ಕಥೆ ನಿಮಗೆ ನೆನಪಿರಬಹುದು. 2003ರಲ್ಲಿ ಹಚ್ ಮೊಬೈಲ್ ಕಂಪೆನಿಯ ಜಾಹೀರಾತು ಟಿ.ವಿ.ಯಲ್ಲಿ ಬಂತು. ಪುಟ್ಟ ಹುಡುಗ ಹೋದಲ್ಲೆಲ್ಲ ಹಿಂಬಾಲಿಸುವ ಒಂದು ಪಗ್. ಕಂಪೆನಿಯವರು ಮಾರಲು ಹೊರಟದ್ದು ನೆಟ್‌ವರ್ಕನ್ನು. ಜನರು ಆಸೆಪಟ್ಟದ್ದು ನಾಯಿಯ ಮೇಲೆ. ತಣ್ಣನೆಯ ಇಂಗ್ಲೆಂಡಿನಲ್ಲೇ ಉಸಿರಿಗೆ ಕಷ್ಟಪಡುವ ನಾಯಿ ನಮ್ಮ ಕರಾವಳಿಯ, ನಮ್ಮ ರಾಯಚೂರು-ಕಲಬುರ್ಗಿಯ ಬೇಸಗೆಯನ್ನು ಹೇಗೆ ತಡೆದೀತು ಎಂದು ಯೋಚಿಸಿದವರು ಕಡಿಮೆ. ಮಾರಾಟಕ್ಕಾಗಿ ಮರಿ ಹಾಕಿಸಲೆಂದು ವಿದೇಶದಿಂದ ನಾಯಿ ತರಿಸುವುದನ್ನು ಕೇಂದ್ರ ಸರಕಾರ 2016ರಲ್ಲಿ ನಿಷೇಧಿಸಿತು. 2017ರಲ್ಲಿ ನಾಯಿ ತಳಿ ಸಾಕಣೆ ಮತ್ತು ಮಾರಾಟದ ನಿಯಮಗಳೂ ಬಂದವು. ಮರಿ ಮಾರುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಆದರೆ ಮೊಬೈಲಿನಲ್ಲಿ ಬಂದ ಒಂದು ಫೋಟೋ ನೋಡಿ ಹಣ ಕಳಿಸಿ, ಬಸ್‌ಸ್ಟ್ಯಾಂಡಿನಲ್ಲಿ ಮರಿಯನ್ನು ಪಡೆದುಕೊಂಡು ಬರುವವನಿಗೆ ಆ ಮರಿಯ ತಾಯಿ ಯಾವ ಗೂಡಿನಲ್ಲಿ, ಎಷ್ಟನೆಯ ಸೂಲಿನಲ್ಲಿ ಬಳಲುತ್ತಿದೆ ಎಂಬುದು ಹೇಗೆ ತಿಳಿಯಬೇಕು?

ಕೊಳ್ಳುವವರಿದ್ದರೆ ತಾನೇ ಮಾರುವವರು? ಈ ಸರಪಣಿಯ ಕೊನೆಯ ಕೊಂಡಿ ನಮ್ಮ ಮನೆಯ ಮಗುವಿನ ಹಟ, ಮತ್ತು ಅದಕ್ಕೆ ನಾವು ಕೊಡುವ ಉತ್ತರ.

ಹಾಗೆಂದು ಇದು ಸರಿಪಡಿಸಲಾಗದ್ದೇನೂ ಅಲ್ಲ. ಕಪ್ಪು ಚುಕ್ಕೆಯ ಡಾಲ್ಮೇಷಿಯನ್ ನಾಯಿಗಳಲ್ಲಿ ಒಂದು ವಂಶವಾಹಿಯ ದೋಷದಿಂದ ಮೂತ್ರದಲ್ಲಿ ಯೂರಿಕ್ ಆಮ್ಲ ಹೆಚ್ಚಿ ಕಲ್ಲುಗಳಾಗುತ್ತವೆ. ಶುದ್ಧ ತಳಿಯ ಎಲ್ಲ ನಾಯಿಗಳಲ್ಲೂ ಅದೇ ದೋಷವಿದ್ದುದರಿಂದ ಒಳಗಿನಿಂದ ಪರಿಹಾರ ಸಾಧ್ಯವಿರಲಿಲ್ಲ. ಅಮೆರಿಕದ ರಾಬರ್ಟ್ ಶೈಬಲ್ ಎಂಬ ವಿಜ್ಞಾನಿ 1973ರಲ್ಲಿ ಪಾಯಿಂಟರ್ ಎಂಬ ಬೇರೊಂದು ತಳಿಯ ಜೊತೆ ಒಮ್ಮೆ ಮಾತ್ರ ಬೆರೆಸಿ, ಬಳಿಕ ಪ್ರತಿ ತಲೆಮಾರನ್ನೂ ಡಾಲ್ಮೇಷಿಯನ್ ಜೊತೆಗೇ ಸೇರಿಸುತ್ತ ಬಂದರು. ಚುಕ್ಕೆಯೂ ಉಳಿಯಿತು, ರೋಗವೂ ಹೋಯಿತು. ಆದರೂ ‘ಶುದ್ಧವಲ್ಲ’ ಎಂಬ ಕಾರಣಕ್ಕೆ ಆ ನಾಯಿಗಳು ನೋಂದಣಿಗಾಗಿ ದಶಕಗಳ ಕಾಲ ಕಾಯಬೇಕಾಯಿತು. ಅಮೆರಿಕನ್ ಕೆನಲ್ ಕ್ಲಬ್ ಅವುಗಳನ್ನು ಒಪ್ಪಿಕೊಂಡದ್ದು 2011ರಲ್ಲಿ. ನಾಯಿಗೆ ಬೇಕಿದ್ದುದು ಆರೋಗ್ಯ, ಮನುಷ್ಯನಿಗೆ ಬೇಕಿದ್ದುದು ಕಾಗದ.

ನಾಯಿ ಸಾಕಲೇಬೇಕು ಎನ್ನುವವರಿಗೆ, ಕಾವಲಿಗೆ ಬೇಕಾದವರಿಗೆ ನಮ್ಮ ಊರ ನಾಯಿಗಳಿವೆ. ಅವುಗಳ ಮೂತಿ ಉದ್ದ, ಮೈ ಈ ಹವೆಗೆ ಒಗ್ಗಿದ್ದು. ತಳಿಯ ನಾಯಿಯೇ ಬೇಕೆಂದರೆ ಮರಿಯ ತಾಯಿಯನ್ನು ಅದಿರುವ ಜಾಗದಲ್ಲೇ ನೋಡದೆ ಹಣ ಕೊಡಬೇಡಿ. ತಾಯಿ ಸುಮ್ಮನೆ ನಿಂತಿರುವಾಗಲೂ ಉಸಿರಿನ ಸದ್ದು ಕೇಳಿಸಿದರೆ ಹಿಂದಿರುಗಿ ಬನ್ನಿ. ಈಗಾಗಲೇ ಪಗ್ ಇರುವವರು ಅದನ್ನು ದಪ್ಪವಾಗಲು ಬಿಡಬೇಡಿ. ಕುತ್ತಿಗೆಯ ಪಟ್ಟಿಯ ಬದಲು ಎದೆಗೆ ಕಟ್ಟುವ ಬೆಲ್ಟ್ ಬಳಸಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ನಡೆಸಿ. ಸೆಕೆಗೆ ಕುಸಿದರೆ ಮೈಗೆ ನೀರು ಹಾಕಿ, ಗಾಳಿ ಬೀಸಿ, ತಕ್ಷಣ ವೈದ್ಯರಲ್ಲಿಗೆ ಒಯ್ಯಿರಿ. ಪ್ರಜ್ಞೆ ಇಲ್ಲದಿರುವಾಗ ಬಾಯಿಗೆ ನೀರು ಸುರಿಯಬೇಡಿ. ಮುಖ್ಯವಾಗಿ, ಅದರಿಂದ ಮರಿ ಹಾಕಿಸಬೇಡಿ.

ಚಿಂಟುವಿಗೆ ಜೂನ್‌ನಲ್ಲಿ ಆಪರೇಷನ್ ಆಯಿತು. ಮೂಗಿನ ಹೊಳ್ಳೆಗಳನ್ನು ಅಗಲ ಮಾಡಿ, ಅಂಗುಳಿನ ಹೆಚ್ಚಿನ ಭಾಗವನ್ನು ಕತ್ತರಿಸಿದರು. ಪೂರ್ತಿ ಸರಿಯಾಗುವುದಿಲ್ಲ, ಬೇಸಗೆಯಲ್ಲಿ ಜಾಗ್ರತೆ ಬೇಕೇ ಬೇಕು ಎಂದಿದ್ದಾರೆ. ಮೊನ್ನೆ ಸಂಜೆ ಮಗಳು ಮೇಲಿನಿಂದ ಬಂದು ನನ್ನ ಪಕ್ಕ ಕುಳಿತಳು. “ಉಮ್ಮಾ, ಚಿಂಟು ಮಲಗಿದೆ. ಬಾಯಲ್ಲಿ ಚೆಂಡು ಇಲ್ಲ. ಸದ್ದೂ ಇಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು, “ಅದರ ಮೂಗನ್ನು ಹಾಗೆ ಮಾಡಿದ್ದು ಯಾರು?”

ಯಾರೆಂದು ಹೇಳಲಿ? ಮಾರಿದವರ ಹೆಸರು ಹೇಳುವುದು ಸುಲಭ. “ಹಾಗಿದ್ದರೇ ಚಂದ ಎಂದವರೆಲ್ಲರೂ ಸೇರಿ ಮಾಡಿದ್ದು” ಎಂದೆ. ತನಗೂ ಪಗ್ ಬೇಕೆಂದು ಅವಳು ಮತ್ತೆ ಕೇಳಿಲ್ಲ.